ಜೋಮು ಹಿಡಿದ ಕಾಲು, ಮಾಗಡಿಯ ಹರಕೆ

ನನ್ನ ಎಡಗಾಲಿನ ಚಪ್ಪಲಿ ಎಲ್ಲಿ ಕಳಚಿತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಚನ್ನಪಟ್ಟಣದಲ್ಲಿ ಹೊಂಗನೂರಿನ ಬಸ್ಸು ಹತ್ತಿದಾಗ ಎರಡೂ ಕಾಲಲ್ಲಿದ್ದವು. ಬಸ್ಸಿಳಿದು ತೋಟದ ದಾರಿಯಲ್ಲಿ ಹತ್ತು ನಿಮಿಷ ನಡೆದು ಮನೆಯ ಜಗಲಿ ಹತ್ತುವ ಹೊತ್ತಿಗೆ ಒಂದೇ ಇತ್ತು. ಅದನ್ನು ನಾನು ಗಮನಿಸಿರಲಿಲ್ಲ. ಅಂಗಳದಲ್ಲಿ ಹುರುಳಿ ಕೇರುತ್ತಿದ್ದ ನನ್ನ ಹೆಂಡತಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಾದವನ್ನೇ ನೋಡಿದಳು.

“ಬಾವ, ಇನ್ನೊಂದು ಚಪ್ಲಿ ಎಲ್ಲಿ?”

ಅವಳು ನನ್ನ ಸೋದರತ್ತೆಯ ಮಗಳು. ಲಂಗ ಹಾಕುವ ಕಾಲದಿಂದ ನನ್ನನ್ನು ‘ಬಾವ’ ಎಂದೂ ‘ನೀನು’ ಎಂದೂ ಕರೆದವಳು, ಮದುವೆಯಾದ ಮೇಲೂ ಬದಲಾಯಿಸಿಕೊಳ್ಳಲಿಲ್ಲ. ನಾನು ಕೆಳಗೆ ನೋಡಿಕೊಂಡು ನಕ್ಕೆ. ಅವಳು ನಗಲಿಲ್ಲ. ಹತ್ತಿರ ಬಂದು ನನ್ನ ಬಾಯಿಯ ಬಳಿ ಮೂಗು ತಂದಳು.

“ಕುಡ್ದಿದ್ದೀಯಾ?”

“ಬರೀ ಕಾಫಿ ಕಣೆ.”

ಕುಡಿದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೋ ಏನೋ. ಬರೀ ಕಾಫಿಯ ವಾಸನೆ ಬಂದಿದ್ದಕ್ಕೆ ಮುಖ ಇನ್ನೂ ಸಪ್ಪಗಾಯಿತು. ನನ್ನನ್ನು ಜಗಲಿಯ ಮೇಲೆ ಕೂರಿಸಿ ಪಾದ ಎತ್ತಿ ನೋಡಿದಳು. ಹಿಮ್ಮಡಿಯಲ್ಲಿ ಗಾಜಿನ ಚೂರು ಹೊಕ್ಕಿತ್ತು. ರಕ್ತ ಬಂದು, ಮಣ್ಣು ಮೆತ್ತಿ, ಒಣಗಲು ಶುರುವಾಗಿತ್ತು.

“ಇದು ನೋಯ್ತಿಲ್ವಾ ನಿಂಗೆ?”

ನೋಯುತ್ತಿರಲಿಲ್ಲ. ಆಗ ನನಗೂ ನಗು ನಿಂತಿತು.

ಆ ವರ್ಷ ನನಗೆ ನಲವತ್ತೆಂಟು. ಎರಡು ಎಕರೆ ಹಿಪ್ಪುನೇರಳೆ, ಮನೆಯ ಪಕ್ಕದಲ್ಲೇ ಒಂದು ಹುಳು ಮನೆ, ಒಂದು ಹಸು, ಹಿತ್ತಲಲ್ಲಿ ನಾಲ್ಕೈದು ಕೋಳಿ. ವರ್ಷಕ್ಕೆ ಐದಾರು ಬೆಳೆ ರೇಷ್ಮೆ ಗೂಡು ತೆಗೆದು ರಾಮನಗರದ ಮಾರುಕಟ್ಟೆಗೆ ಹಾಕುವುದು ನಮ್ಮ ಜೀವನ. ರೇಷ್ಮೆ ಹುಳು ಸಾಕುವವನಿಗೆ ಹುಳುವಿನ ಊಟದ ಮೇಲೆ ಎಷ್ಟು ನಿಗಾ ಇರುತ್ತದೆ ಎಂದರೆ, ಬೆಳಗಿನ ಸೊಪ್ಪು ಯಾವ ಗಳಿಗೆಗೆ ಕೊಯ್ಯಬೇಕು, ಎಳೆ ಹುಳುವಿಗೆ ಕೊಂಬೆಯ ಎಷ್ಟನೇ ಎಲೆ ಆಗಬೇಕು, ಇಬ್ಬನಿ ಆರಿದೆಯೋ ಇಲ್ಲವೋ, ಎಲ್ಲವನ್ನೂ ನಿದ್ದೆಗಣ್ಣಲ್ಲಿ ಹೇಳಬಲ್ಲೆ. ನನ್ನ ಊಟ ಮಾತ್ರ ಹೀಗಿತ್ತು: ಎದ್ದ ತಕ್ಷಣ ಖಾಲಿ ಹೊಟ್ಟೆಗೆ ಎರಡು ಲೋಟ ಕಾಫಿ, ಒಂದು ಬೀಡಿ. ಸೊಪ್ಪು ಹಾಕಿ ಮುಗಿಸುವಷ್ಟರಲ್ಲಿ ಹತ್ತೂವರೆ, ಮತ್ತೆ ಕಾಫಿ. ಮಧ್ಯಾಹ್ನ ಎರಡೋ ಮೂರೋ ಗಂಟೆಗೆ ಒಂದು ಮುದ್ದೆ, ಮೇಲೆ ತಿಳಿಸಾರು. ರಾತ್ರಿಯೂ ಅದೇ. ಎದೆ ಉರಿಯುತ್ತಿತ್ತು ಎಂದು ಆರು ವರ್ಷದ ಹಿಂದೆ ಔಷಧಿ ಅಂಗಡಿಯಲ್ಲಿ ಕೇಳಿ ತಂದ ಗ್ಯಾಸ್ಟ್ರಿಕ್ ಮಾತ್ರೆಯನ್ನು ದಿನಾ ಬೆಳಗ್ಗೆ ಹಲ್ಲುಜ್ಜಿದಷ್ಟೇ ಸಲೀಸಾಗಿ ನುಂಗುತ್ತಿದ್ದೆ.

ಮಾಂಸ, ಮೊಟ್ಟೆ ಬಿಟ್ಟು ಐದು ವರ್ಷವಾಗಿತ್ತು. ಅದಕ್ಕೊಂದು ಕಾರಣವಿದೆ. ಹೆಂಡತಿಗೆ ಗರ್ಭಕೋಶದಲ್ಲಿ ಗೆಡ್ಡೆಯಾಗಿ ಆಪರೇಶನ್ ಆದ ದಿನ, ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ಮಾಗಡಿ ಕಡೆಯ ನಮ್ಮ ಮನೆದೇವರಿಗೆ ಕೈಮುಗಿದು, ಇವಳು ಎದ್ದು ಓಡಾಡುವಂತಾದರೆ ಜೀವ ಇರುವವರೆಗೆ ಬಾಡು ಮುಟ್ಟುವುದಿಲ್ಲ ಎಂದುಬಿಟ್ಟಿದ್ದೆ. ಅವಳು ಎದ್ದಳು, ಓಡಾಡಿದಳು, ನನಗಿಂತ ಚುರುಕಾದಳು. ನಾನು ಮಾತು ಉಳಿಸಿಕೊಂಡೆ. ನಾನು ತಿನ್ನದಿದ್ದ ಮೇಲೆ ಮನೆಯಲ್ಲಿ ಮಾಡುವುದೂ ನಿಂತಿತು. ಹಿತ್ತಲ ಕೋಳಿಗಳ ಮೊಟ್ಟೆ ಅಕ್ಕಪಕ್ಕದ ಮನೆಗೆ ಹೋದವು. ಹಸುವಿನ ಹಾಲು ಎರಡು ಹೊತ್ತೂ ಡೈರಿಗೆ ಹೋಯಿತು. ಕಾಫಿಗೆ ಬಣ್ಣ ಬರುವಷ್ಟು ಮಾತ್ರ ಮನೆಗೆ.

ಚಪ್ಪಲಿ ಹೋಗುವುದಕ್ಕೆ ಮುಂಚೆ ನಾಲ್ಕೈದು ತಿಂಗಳಿಂದ ಕಾಲ್ಬೆರಳುಗಳಲ್ಲಿ ಜೋಮು ಇತ್ತು. ಚಕ್ಕಳಮಕ್ಕಳ ಹಾಕಿ ಕೂತು ಎದ್ದಾಗ ಆಗುತ್ತದಲ್ಲ, ಹಾಗೆ. ಎಲ್ಲರಿಗೂ ಅದು ಒಂದು ನಿಮಿಷಕ್ಕೆ ಬಿಡುತ್ತದೆ, ನನಗೆ ಬಿಡಲಿಲ್ಲ. ವಯಸ್ಸು ಎಂದುಕೊಂಡೆ. ಸ್ನಾನ ಮಾಡುವಾಗ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಮೈ ತೂಗಾಡುತ್ತಿತ್ತು. ಗೋಡೆ ಹಿಡಿದುಕೊಳ್ಳುತ್ತಿದ್ದೆ. ಹೇಳಿದರೆ ದೊಡ್ಡದಾಗುತ್ತದೆಂದು ಯಾರಿಗೂ ಹೇಳಲಿಲ್ಲ.

ಹೇಳಿದ್ದು ಒಬ್ಬರಿಗೆ ಮಾತ್ರ. ರಾಮನಗರದಲ್ಲಿ ನೂಲು ತೆಗೆಯುವ ರೀಲರ್ ಒಬ್ಬರಿದ್ದಾರೆ, ನನಗಿಂತ ನಾಲ್ಕು ವರ್ಷ ದೊಡ್ಡವರು. ಇಪ್ಪತ್ತು ವರ್ಷದ ಹಿಂದೆ ಮಾರುಕಟ್ಟೆಯಲ್ಲಿ ನನ್ನ ಗೂಡಿನ ರಾಶಿಗೆ ಕೈ ಹಾಕಿ, ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, “ಹುಳ ಚೆನ್ನಾಗಿ ತಿಂದೈತೆ” ಎಂದವರು. ಅವತ್ತಿನಿಂದ ಸ್ನೇಹ. ನಾನು ಅವರನ್ನು ಭಾಯ್ ಎನ್ನುತ್ತೇನೆ, ಅವರು ನನ್ನನ್ನು ಗೌಡ್ರೇ ಎನ್ನುತ್ತಾರೆ. ಅವರಿಗೂ ಮಂಡಿ ನೋವು. ಮಹಡಿ ಹತ್ತುವಾಗ ಮೆಟ್ಟಿಲಿಗೊಂದು ಸಲ ದೇವರನ್ನು ನೆನೆಯುತ್ತಿದ್ದರು.

ನಾನು ಜೋಮಿನ ವಿಷಯ ತೆಗೆದಾಗ ಭಾಯ್ ಮೊಬೈಲ್ ಹೊರಗೆ ತೆಗೆದು ಒಂದು ಜಾಹೀರಾತು ತೋರಿಸಿದರು. ನಲವತ್ತು ದಾಟಿದ ಗಂಡಸರಿಗೆಂದೇ ಮಾಡಿದ ಮಾತ್ರೆಯಂತೆ. ಕಪ್ಪು ಡಬ್ಬಿ, ಅದರ ಮೇಲೆ ಕೆನೆಯುವ ಕುದುರೆ.

“ನಾನು ಎರಡು ಡಬ್ಬಿ ತರ್ಸಿದ್ದೀನಿ ಗೌಡ್ರೇ. ಒಂದು ನಿಮ್ಗೆ ಇರ್ಲಿ. ಇದ್ರಲ್ಲಿ ಇಲ್ದೇ ಇರೋ ವಿಟಮಿನ್ನೇ ಇಲ್ಲ.”

ಇಬ್ಬರೂ ಶ್ರದ್ಧೆಯಿಂದ ನುಂಗಿದೆವು. ಮೂತ್ರ ಅರಿಶಿನದ ನೀರಿನಂತೆ ಹಳದಿಯಾಯಿತು. ಭಾಯ್ ಅದನ್ನೇ ಔಷಧಿ ಕೆಲಸ ಮಾಡುತ್ತಿರುವ ಗುರುತು ಎಂದರು. ಫೋನಿನಲ್ಲಿ ದಿನಾ ವಿಚಾರಿಸುತ್ತಿದ್ದರು: “ಕುದ್ರೆ ಓಡ್ತಾ?” ಕುದುರೆ ಓಡಲಿಲ್ಲ. ಅವರ ಮಂಡಿ ಹಾಗೇ ಇತ್ತು, ನನ್ನ ಜೋಮು ಪಾದದಿಂದ ಮೇಲಕ್ಕೆ ಕಣಕಾಲಿಗೆ ಬಂತು.

ಗಾಜಿನ ಚೂರು ತೆಗೆಸಿಕೊಂಡು ಬಂದ ಮೇಲೆ ಹೆಂಡತಿ ದೊಡ್ಡ ಡಾಕ್ಟರಿಗೆ ತೋರಿಸೋಣ ಎಂದಳು. ಹುಳು ಹಣ್ಣಾಗಲಿ, ಈ ಬೆಳೆ ಮುಗಿಯಲಿ ಎಂದು ಮುಂದೂಡಿದೆ. ಸೊಪ್ಪು ತಿಂದು ತಿಂದು ಕೊನೆಗೆ ಹುಳು ಬಂಗಾರದ ಬಣ್ಣಕ್ಕೆ ತಿರುಗಿ, ತಿನ್ನುವುದು ಬಿಟ್ಟು, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅದಕ್ಕೆ ನಮ್ಮಲ್ಲಿ ಹಣ್ಣಾಗುವುದು ಎನ್ನುತ್ತೇವೆ. ಆಗ ಒಂದೊಂದನ್ನೇ ಬೆರಳಲ್ಲಿ ಎತ್ತಿ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ, ಚಂದ್ರಿಕೆಯ ಮೇಲೆ ಬಿಡಬೇಕು. ಹತ್ತು ವರ್ಷದ ಮಕ್ಕಳಿಂದಲೂ ಆಗುವ ಕೆಲಸ. ಒತ್ತಬಾರದು, ಅಷ್ಟೇ.

ಆ ಬೆಳಗ್ಗೆ ನಾನೂ ಅವಳೂ ಎದುರುಬದುರು ಕೂತು ಹಣ್ಣು ಹುಳು ಆರಿಸುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಅವಳು ನನ್ನ ಮಣಿಕಟ್ಟು ಹಿಡಿದಳು.

“ಬಾವ, ಬುಡು. ಕೈ ತೆಗಿ.”

ನೋಡಿದರೆ ನನ್ನ ಹೆಬ್ಬೆರಳೂ ತೋರುಬೆರಳೂ ಒದ್ದೆಯಾಗಿದ್ದವು. ನಾನು ಬಿಟ್ಟಿದ್ದ ಹುಳುಗಳಲ್ಲಿ ಆರೇಳು ಚಂದ್ರಿಕೆಯ ಮೇಲೆ ಅಲ್ಲಾಡದೆ ಬಿದ್ದಿದ್ದವು. ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದೇನೆಂದು ನನ್ನ ಬೆರಳಿಗೇ ಗೊತ್ತಾಗಿರಲಿಲ್ಲ. ಮೂವತ್ತು ವರ್ಷ ಹುಳು ಸಾಕಿದ ಕೈ ಅದು. ನಾನು ಎದ್ದು ಹೊರಗೆ ಹೋಗಿ ಹುಣಸೆ ಮರದ ಕೆಳಗೆ ನಿಂತೆ. ಒದ್ದೆ ಬೆರಳುಗಳನ್ನು ತೊಗಟೆಗೆ ಒರೆಸಿದೆ. ಅವಳು ಹಿಂದೆಯೇ ಬರಲಿಲ್ಲ, ಹುಳು ಕಾಯುವುದಿಲ್ಲವಲ್ಲ. ಪಕ್ಕದ ಮನೆಯ ಹೆಂಗಸರನ್ನು ಕರೆದು ಕೆಲಸ ಮುಗಿಸಿ, ಕೈ ತೊಳೆದುಕೊಂಡು ಬಂದು ಹೇಳಿದಳು: “ನಾಳೆ ಚನ್ನಪಟ್ಟಣಕ್ಕೆ ಹೋಗೋದು. ಇನ್ನೊಂದು ಮಾತಿಲ್ಲ.”

ಮಾರನೆಯ ದಿನ ವಿಷಯ ತಿಳಿದು ಭಾಯ್ ಕೂಡ ರಾಮನಗರದಿಂದ ಆಸ್ಪತ್ರೆಗೆ ಬಂದರು. ಕೈಯಲ್ಲಿ ಕುದುರೆಯ ಡಬ್ಬಿ, ಡಾಕ್ಟರಿಗೆ ತೋರಿಸಲೆಂದು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನನ್ನು ಮಲಗಿಸಿ ಕಣ್ಣು ಮುಚ್ಚಿಸಿ, ಹತ್ತಿಯಿಂದ ಪಾದ ಸವರಿದರಂತೆ. ‘ಅಂತೆ’ ಎನ್ನುತ್ತೇನೆ, ಏಕೆಂದರೆ ನನಗೆ ತಿಳಿಯಲಿಲ್ಲ. ಎರಡು ಕವಲಿನ ಉಕ್ಕಿನ ಕಡ್ಡಿಯೊಂದನ್ನು ಮೇಜಿಗೆ ತಟ್ಟಿ ಕಾಲ್ಬೆರಳ ಮೂಳೆಗೆ ಇಟ್ಟು, “ಗುಂಯ್ ಅನ್ನುತ್ತಾ?” ಎಂದರು. ಇಲ್ಲ. ಕಣಕಾಲಿಗೆ ಇಟ್ಟರು. ಇಲ್ಲ. ಮಂಡಿಗೆ ಇಟ್ಟಾಗ ಜೇನುಗೂಡು ಮುಟ್ಟಿದ ಹಾಗೆ ಅಂದಿತು.

“ಯಜಮಾನ್ರೇ, ಬೆಳಗ್ಗೆಯಿಂದ ಮಲಗೋವರೆಗೆ ಏನೇನು ತಿಂತೀರಿ, ಒಂದೂ ಬಿಡದೆ ಹೇಳಿ.”

ಹೇಳಿದೆ.

“ಹಾಲು?”

“ಡೈರಿಗೆ ಹಾಕ್ತೀವಿ.”

“ಮೊಟ್ಟೆ? ಮೀನು? ಮಾಂಸ?”

“ಹರಕೆ ಐತೆ ಮೇಡಂ.”

“ಮಾತ್ರೆ ಏನಾದ್ರೂ?”

ಗ್ಯಾಸ್ಟ್ರಿಕ್ ಮಾತ್ರೆಯ ವಿಷಯ ಹೇಳಿದಾಗ ಪೆನ್ನು ಕೆಳಗಿಟ್ಟರು. “ಆರು ವರ್ಷ? ದಿನಾ? ಯಾರು ಬರೆದುಕೊಟ್ಟಿದ್ದು?”

“ಯಾರೂ ಇಲ್ಲ. ಅಂಗಡೀಲಿ ಕೇಳ್ದೆ, ಕೊಟ್ರು.”

ರಕ್ತ ಪರೀಕ್ಷೆಯ ಫಲಿತಾಂಶ ಸಂಜೆ ಬಂತು. ವಿಟಮಿನ್ ಬಿ ಟ್ವೆಲ್ವ್ ತಳ ಹಿಡಿದಿತ್ತು. ಡಾಕ್ಟರು ನನಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು. ನರದ ಮೇಲಿನ ಹೊದಿಕೆ ಗಟ್ಟಿಯಾಗಿರಲು ಇದು ಬೇಕು. ಸೊಪ್ಪಿನಲ್ಲಿ, ಕಾಳಿನಲ್ಲಿ, ರಾಗಿಯಲ್ಲಿ ಇದು ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಸಿಗುತ್ತದೆ. ಅದನ್ನು ಊಟದಿಂದ ಬಿಡಿಸಿಕೊಳ್ಳಲು ಹೊಟ್ಟೆಯಲ್ಲಿ ಆಮ್ಲ ಬೇಕು, ಆ ಆಮ್ಲವನ್ನು ನಾನು ಆರು ವರ್ಷದಿಂದ ಮಾತ್ರೆ ಹಾಕಿ ಆರಿಸುತ್ತಾ ಬಂದಿದ್ದೆ.

“ನಾನು ಮುದ್ದೆ ತಿಂದು ಬೆಳ್ದೋನು ಮೇಡಂ,” ಎಂದೆ, ಯಾಕೋ ಮುದ್ದೆಯ ಮರ್ಯಾದೆ ಉಳಿಸಬೇಕೆನಿಸಿ.

“ಮುದ್ದೆ ಬಹಳ ಒಳ್ಳೇದು. ಮೂಳೆಗೆ ಅದಕ್ಕಿಂತ ಬೇಕಾ? ಆದ್ರೆ ಮುದ್ದೆ ಒಂದೇ ಎಲ್ಲಾ ಕೆಲಸ ಮಾಡಲ್ಲ. ಜೊತೆಗೆ ಏನು ತಿಂತೀರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ.”

ಭಾಯ್ ಮೆಲ್ಲಗೆ ಡಬ್ಬಿ ಮುಂದಿಟ್ಟರು. ಡಾಕ್ಟರು ಹಿಂದಿನ ಸಣ್ಣಕ್ಷರ ಓದಿದರು. “ಇದರಲ್ಲಿ ಇಪ್ಪತ್ತೈದು ಹೆಸರಿದೆ. ಇವರಿಗೆ ಬೇಕಾಗಿದ್ದು ಚಿಟಿಕೆಯಷ್ಟು, ಬೇಡದ್ದು ಬೊಗಸೆಯಷ್ಟು. ಏನು ಕಮ್ಮಿ ಇದೆ ಅಂತ ನೋಡಿ ಅದನ್ನ ತುಂಬೋಣ, ಸುಮ್ಮನೆ ನುಂಗೋದು ಬೇಡ. ನಿಮಗೇನು ತೊಂದರೆ?”

ಭಾಯ್ ಮಂಡಿ ತೋರಿಸಿದರು. ಅವರೂ ರಕ್ತ ಕೊಟ್ಟರು. ಬೆಳಗಾಗುವ ಮುಂಚೆ ನೂಲಿನ ಶೆಡ್ಡಿಗೆ ಹೊಕ್ಕು ಹೊತ್ತು ಮುಳುಗಿದ ಮೇಲೆ ಹೊರಬರುವ ಮನುಷ್ಯನಿಗೆ ವಿಟಮಿನ್ ಡಿ ಕಡಿಮೆ ಇತ್ತು. “ಬಿಸಿಲು ಕಾಣಲ್ವಾ?” ಎಂದರೆ, “ಹಜ್ ಮಾಡಿದಾಗ ಕಂಡಿದ್ದೆ,” ಎಂದರು. ಡಾಕ್ಟರು ಮೊದಲ ಸಲ ನಕ್ಕರು.

ನನಗೆ ಇಂಜೆಕ್ಷನ್ ಬರೆದರು. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ಗ್ಯಾಸ್ಟ್ರಿಕ್ ಮಾತ್ರೆಯನ್ನು ಒಂದೇ ಸಲ ಬಿಡಬೇಡಿ, ಹೊತ್ತಿಗೆ ಸರಿಯಾಗಿ ತಿನ್ನಲು ಶುರು ಮಾಡಿ, ನಾನೇ ನಿಧಾನಕ್ಕೆ ಬಿಡಿಸುತ್ತೇನೆ ಎಂದರು. ನರ ವಾಪಸು ಬರುತ್ತದೆಯೇ ಎಂದು ಹೆಂಡತಿ ಕೇಳಿದಳು. “ಬಹಳಷ್ಟು ಬರಬೇಕು. ಪೂರ್ತಿ ಬರುತ್ತೆ ಅಂತ ಮಾತು ಕೊಡಲ್ಲ. ತಡ ಮಾಡಿದ್ದೀರಿ.”

ಮನೆಗೆ ಬಂದವಳೇ ಹೆಂಡತಿ ಡೈರಿಗೆ ಕೊಡುವ ಕ್ಯಾನಿನಿಂದ ಸಂಜೆಯ ಹಾಲಿನ ಅರ್ಧ ಬಗ್ಗಿಸಿ ಹೆಪ್ಪು ಹಾಕಿದಳು. ಆಮೇಲೆ ನನ್ನ ಮುಂದೆ ಕೂತಳು.

“ಹರಕೆ ನನ್ನ ಜೀವಕ್ಕೆ ತಾನೆ ಹೊತ್ಕಂಡಿದ್ದು? ನನ್ನ ಜೀವ ಗಟ್ಯಾಗೈತೆ. ನಿನ್ನ ಕಾಲು ಹೋದ್ರೆ ನಾನು ಈ ಜೀವ ಇಟ್ಕಂಡು ಏನ್ ಮಾಡ್ಲಿ?”

“ದೇವ್ರಿಗೆ ಕೊಟ್ಟ ಮಾತು ಕಣೆ. ಹಾಲು ಮೊಸರಲ್ಲೇ ಆಗ್ತದೆ ಬುಡು. ಇಂಜೆಕ್ಷನ್ನೂ ಐತಲ್ಲ. ಐದು ವರ್ಷ ನೀನೂ ನನ್ನ ಜೊತೆ ಬಾಡಿಲ್ದೆ ಇದ್ದೀಯಲ್ಲ, ನಾನಿರಾಕಿಲ್ವಾ?”

ಅವಳು ಸೆರಗಿನ ತುದಿ ತಿರುಚತೊಡಗಿದಳು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅವಳು ನಾಚಿಕೊಂಡಿದ್ದನ್ನು ನಾನು ನೋಡಿದ್ದು ಎರಡೋ ಮೂರೋ ಸಲ.

“ತಿಂಗ್ಳಿಗೊಂದ್ಸಲ ನಾನು ಕನಕಪುರಕ್ಕೆ ತಂಗಿ ಮನೆಗೆ ಯಾಕ್ ಹೋಯ್ತಿದ್ದೆ ಅನ್ಕಂಡಿದ್ದೀಯ?”

“ತಂಗಿ ನೋಡಕ್ಕೆ.”

“ತಂಗಿನೂ ನೋಡ್ತಿದ್ದೆ. ಅವ್ಳು ಕುರಿ ಬೋಟಿ ಗೊಜ್ಜು ಮಾಡಿರ್ತಿದ್ಲು.”

ಐದು ವರ್ಷ! ಕನಕಪುರದಿಂದ ಬಂದ ಸಂಜೆ ಅವಳು ಅಷ್ಟೊಂದು ಖುಷಿಯಾಗಿರುತ್ತಿದ್ದುದು ತಂಗಿಯ ಮೇಲಿನ ಪ್ರೀತಿಯಿಂದ ಎಂದು ನಾನು ತಿಳಿದಿದ್ದೆ. ಕೋಪ ಬರಬೇಕಿತ್ತು, ಬಂದಿದ್ದು ನಗು. ಅವಳೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಗು ನಿಂತ ಮೇಲೆ, “ಮಾಗಡಿಗೆ ಹೋಗಿ ಕೇಳಾನ. ಬ್ಯಾಡ ಅಂದ್ರೆ ಬ್ಯಾಡ,” ಎಂದಳು. ಅದಕ್ಕೆ ನಾನು ಒಪ್ಪಿದೆ.

ಆ ಸೋಮವಾರ ರಾಮನಗರದಲ್ಲಿ ಬಸ್ಸು ಬದಲಾಯಿಸಿ ಮಾಗಡಿ ಕಡೆ ಹೋದೆವು. ನಮ್ಮ ಮನೆದೇವರ ಗುಡಿ ಸಣ್ಣದು, ಒಂದು ಕಲ್ಲಿನ ಮಂಟಪ, ಎರಡು ಬೇವಿನ ಮರ. ಪೂಜಾರಪ್ಪನಿಗೆ ಎಪ್ಪತ್ತು ದಾಟಿದೆ. ಹಣ್ಣುಕಾಯಿ ಮುಗಿದ ಮೇಲೆ ಹೆಂಡತಿಯೇ ವಿಷಯ ಹೇಳಿದಳು, ನನ್ನ ಕಾಲು, ಬೆರಳು, ಸತ್ತ ಹುಳು, ಡಾಕ್ಟರ ಮಾತು, ಯಾವುದನ್ನೂ ಬಿಡದೆ. ಪೂಜಾರಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಸೊಂಟದ ಚೀಲದಿಂದ ಒಂದು ಮಾತ್ರೆಯ ಪಟ್ಟಿ ತೆಗೆದು ನನ್ನ ಕೈಗೆ ಕೊಟ್ಟರು.

“ಓದಪ್ಪ, ಏನ್ ಬರ್ದವ್ರೆ?”

ನನಗೆ ಬರೆದುಕೊಟ್ಟಿದ್ದ ಅದೇ ವಿಟಮಿನ್ನಿನ ಹೆಸರು.

“ನಾನು ಬಾಡು ತಿನ್ನೋನಲ್ಲ. ಹೋದ ವರ್ಷ ನಂಗೂ ಹಿಂಗೇ ಕಾಲು ಮರಗಟ್ಟಿತ್ತು. ಇದನ್ನ ನುಂಗ್ತೀನಿ, ಎಮ್ಮೆ ಮೊಸರು ತಿಂತೀನಿ. ಬಾಡೇ ಆಗ್ಬೇಕು ಅಂತೇನಿಲ್ಲ ಕಣಪ್ಪ. ಆದ್ರೆ ತಿಂದು ಬೆಳೆದ ಮೈ ನಿಂದು. ಹೆಂಡ್ತಿ ಬದುಕ್ಲಿ ಅಂತ ಕೇಳ್ದೆ, ಬದುಕಿಸ್ತು. ನಿನ್ನ ಕಾಲು ಬೀಳ್ಲಿ ಅಂತ ಅದು ಯಾವತ್ತೂ ಕೇಳಿಲ್ಲ. ಒಂದನ್ನ ವಾಪಸ್ ತಗೊ, ಅದರ ಜಾಗಕ್ಕೆ ಇನ್ನೊಂದನ್ನ ಇಟ್ಟು ಹೋಗು.”

ನಾನು ಯೋಚಿಸುತ್ತಿದ್ದೆ. ಹೆಂಡತಿ ಯೋಚಿಸಲಿಲ್ಲ.

“ಬೀಡಿ ಸ್ವಾಮಿ,” ಎಂದಳು.

ಹೀಗೆ ನಾನು ದಿನಕ್ಕೆ ಎಂಟು ಹತ್ತು ಬೀಡಿ ಸೇದುವುದನ್ನು ಮಾಗಡಿಯಲ್ಲಿ ಬಿಟ್ಟು ಬಂದೆ. ಮೊದಲ ಹದಿನೈದು ದಿನ ಹುಚ್ಚು ಹಿಡಿದಂತಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಹುರಿದ ಕಡಲೆ ಜೇಬಿನಲ್ಲಿಟ್ಟುಕೊಂಡು ಅಗಿಯುತ್ತಾ ಓಡಾಡಿದೆ. ಹುಳು ಮನೆಗೆ ಹೊಗೆಸೊಪ್ಪಿನ ವಾಸನೆ ಆಗದೆಂದು ಅಲ್ಲಿಯವರೆಗೆ ದಿನಕ್ಕೆ ಹತ್ತು ಸಲ ಸೋಪು ಹಾಕಿ ಕೈ ತೊಳೆಯುತ್ತಿದ್ದೆ, ಆ ಕೆಲಸ ತಪ್ಪಿತು.

ಐದು ವರ್ಷದ ಮೇಲೆ ತಿಂದ ಮೊದಲ ಮೊಟ್ಟೆ ನಮ್ಮ ಹಿತ್ತಲದ್ದೇ. ಬೇಯಿಸಿ, ಎರಡು ಹೋಳು ಮಾಡಿ, ಉಪ್ಪು ಮೆಣಸು ಉದುರಿಸಿ ಕೊಟ್ಟಳು. ಬಾಯಿಗಿಡುವಾಗ ಕೈ ಕೊಂಚ ತಡೆಯಿತು. ಆಮೇಲೆ ತಡೆಯಲಿಲ್ಲ, ಇನ್ನೊಂದು ಕೇಳಿದೆ. ಬೆಳಗ್ಗೆ ಎಂಟಕ್ಕೆ ಮೊಟ್ಟೆಯೋ ಹೆಸರುಕಾಳಿನ ಉಸಲಿಯೋ, ಜೊತೆಗೊಂದು ರೊಟ್ಟಿ. ಕಾಫಿ ಅದಾದ ಮೇಲೆ. ಮಧ್ಯಾಹ್ನದ ಮುದ್ದೆಗೆ ಸೊಪ್ಪಿನ ಸಾರು, ಕಾಳಿನ ಸಾರು, ಒಂದು ಬಟ್ಟಲು ಮೊಸರು. ಭಾನುವಾರ ಬಾಡು. ಭಾಯ್ ರಾಮನಗರದಿಂದ ತಿಂಗಳಿಗೆ ಎರಡು ಸಲ ಕುರಿಯ ಈಲಿ, ಅವರ ಮಾತಲ್ಲಿ ಕಲೇಜಿ, ಹುರಿಸಿ ಡಬ್ಬಿಯಲ್ಲಿ ತರುತ್ತಿದ್ದರು. “ಈ ಡಬ್ಬಿ ಮೇಲೆ ಕುದ್ರೆ ಇಲ್ಲ ಗೌಡ್ರೇ, ತಿನ್ನಿ,” ಎನ್ನುತ್ತಿದ್ದರು.

ಗುಣವಾಗುವುದು ಸುಖವಾಗಿರುತ್ತದೆ ಎಂದು ನಾನು ತಿಳಿದಿದ್ದೆ. ಹಾಗಿರಲಿಲ್ಲ. ಮೂರನೇ ವಾರಕ್ಕೆ ಪಾದಗಳಲ್ಲಿ ಇರುವೆ ಹರಿದಂತೆ, ಕೆಂಡ ತುಳಿದಂತೆ ಆಗಲು ಶುರುವಾಯಿತು. ಹೆದರಿ ಫೋನ್ ಮಾಡಿದರೆ ಡಾಕ್ಟರು, “ಒಳ್ಳೇದು, ನರ ಏಳ್ತಾ ಇದೆ,” ಎಂದರು. ಹೆಂಡತಿ ಒದ್ದೆ ಬಟ್ಟೆ ಸುತ್ತಿ ಕೂರುತ್ತಿದ್ದಳು.

ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ಬರಿಗಾಲಲ್ಲಿ ತೋಟಕ್ಕೆ ಇಳಿದಿದ್ದೆ. ಕತ್ತರಿಸಿದ ಹಿಪ್ಪುನೇರಳೆಯ ಕೂಳೆಯೊಂದು ಬಲಗಾಲಿನ ಅಂಗಾಲಿಗೆ ಚುಚ್ಚಿತು. ಪ್ರಾಣ ಹೋಗುವಂತೆ ಕೂಗಿಕೊಂಡೆ. ಹಾವು ಎಂದುಕೊಂಡು ಹೆಂಡತಿ ಕುಡುಗೋಲು ಹಿಡಿದು ಓಡಿ ಬಂದಳು.

“ಚುಚ್ತು ಕಣೆ! ಚುಚ್ತು! ನೋಯ್ತಾ ಐತೆ!”

ಅವಳು ಅಲ್ಲೇ ಸಾಲಿನ ನಡುವೆ ಕುಕ್ಕರಿಸಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಸೆರಗು ಮುಖದ ಮೇಲಿತ್ತು. ನಾನು ಒಂಟಿ ಕಾಲಲ್ಲಿ ನಿಂತು ಆ ನೋವನ್ನು ಪೂರ್ತಿಯಾಗಿ ಅನುಭವಿಸಿದೆ. ಮುಂದಿನ ಬೆಳೆಗೆ ಹಣ್ಣು ಹುಳು ಆರಿಸಲು ಕೂತಾಗ ಹುಳುವಿನ ತಣ್ಣನೆಯ ಮೈ ಮತ್ತೆ ಬೆರಳಿಗೆ ತಿಳಿಯಿತು. ಅವತ್ತು ಒಂದೂ ಸಾಯಲಿಲ್ಲ.

ಈಗ ನನಗೆ ಐವತ್ತು. ಎರಡೂ ಕಾಲಿನ ಕಿರುಬೆರಳುಗಳಲ್ಲಿ ಜೋಮು ಉಳಿದಿದೆ. ಅವು ಬರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಬರದಿದ್ದರೆ ಬೇಡ, ಎಂಟು ಬೆರಳಿನಲ್ಲಿ ಚೆನ್ನಾಗಿ ನಡೆಯುತ್ತೇನೆ. ಭಾಯ್ ಡಾಕ್ಟರು ಬರೆದ ಡಿ ಪುಡಿಯನ್ನು ಹಾಲಿನಲ್ಲಿ ಕಲಸಿ ಕುಡಿದರು, ಮನೆಯ ತಾರಸಿಯ ಮೇಲೆ ಬನಿಯನ್ನಿನಲ್ಲಿ ಕೂತು ಬಿಸಿಲಿಗೆ ಮೈ ಕಾಯಿಸಿದರು. ಅವರ ಮೊಮ್ಮಕ್ಕಳು ಅಜ್ಜನನ್ನು ಒಣಗಲು ಹಾಕಿದ್ದಾರೆ ಎಂದು ಊರಿಗೆಲ್ಲ ಹೇಳಿದವು.

ಕಳೆದ ತಿಂಗಳು ಗೂಡು ಹಾಕಿ ಬಂದ ಮಾರನೆಯ ದಿನ ಇಬ್ಬರೂ ರಾಮನಗರದ ಬೆಟ್ಟದ ಮೆಟ್ಟಿಲು ಹತ್ತಲು ಹೋದೆವು. ಹತ್ತೇ ತೀರುತ್ತೇವೆ ಎಂದೇನೂ ಇರಲಿಲ್ಲ. ಅರ್ಧಕ್ಕಿಂತ ಸ್ವಲ್ಪ ಮೇಲೆ ಒಂದು ಅಗಲವಾದ ಬಂಡೆ ಸಿಕ್ಕಿತು, ಕೂತೆವು. ಹೆಂಡತಿ ಕಟ್ಟಿಕೊಟ್ಟಿದ್ದ ಬೇಯಿಸಿದ ಮೊಟ್ಟೆ, ಕಡಲೆಕಾಯಿ, ಸೀಬೆಹಣ್ಣು ಬಿಚ್ಚಿದೆವು. ಕೆಳಗೆ ಹೆದ್ದಾರಿಯಲ್ಲಿ ಬಿಡದಿಯ ಕಾರ್ಖಾನೆ ಬಸ್ಸುಗಳು ಸಾಲಾಗಿ ಹೋಗುತ್ತಿದ್ದವು.

“ಮೇಲಕ್ಕೆ ಹೋಗಾನ ಭಾಯ್?” ಎಂದೆ.

ಭಾಯ್ ಮೊಟ್ಟೆಯ ಸಿಪ್ಪೆ ಬಿಡಿಸುತ್ತಾ ಮೇಲೆ ನೋಡಿದರು, ಕೆಳಗೆ ನೋಡಿದರು.

“ಇಲ್ಲಿ ಬಿಸಿಲು ಚೆನ್ನಾಗೈತಲ್ಲ,” ಎಂದರು.

ಚೆನ್ನಾಗಿತ್ತು. ಅಲ್ಲೇ ಕೂತೆವು.